ಹಸಿರಿಗೆ ಕೆಂಪು

ಹಾಸ್ಟೆಲ್,
ಭಾನುವಾರ ಮಧ್ಯಾಹ್ನ

ಅಮ್ಮಾ,

ಪ್ರೀತಿಯ ಅಂತ ಶುರು ಮಾಡಲು ಇವತ್ತು ಕೈ ಬರುತ್ತಿಲ್ಲ, ಬಿಡು. ನಿನ್ನ ಕಾಗದ ಬಂತು. ಅಕ್ಕನಿಗೆ ಬುದ್ಧಿ ಹೇಳಿ ಬೇಗ ವಾಪಸ್ ಕಳಿಸು, ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಬರೆದಿದ್ದೀಯ. ಉಣ್ಣಲು ದವಡೆ ಆಡಬೇಕಲ್ಲಮ್ಮ? ಅಕ್ಕ ನನ್ನ ರೂಮಿಗೆ ಬಂದಾಗಿನಿಂದ ಬ್ರೆಡ್ಡನ್ನು ಹಾಲಲ್ಲಿ ನೆನೆಸಿ ನುಂಗುತ್ತಿದ್ದಾಳೆ.

ಮೊದಲ ದಿನ ನನಗೇನೂ ಗೊತ್ತಾಗಲಿಲ್ಲ. ಮುಖದ ತುಂಬ ಪೌಡರ್ ಮೆತ್ತಿಕೊಂಡು, ಹಲ್ಲುನೋವು ಎಂದಳು. ನಾನು ಕ್ಲಾಸಿಗಾಗಿ ಬಣ್ಣದ ಚಕ್ರ ಬರೆಯುತ್ತಿದ್ದೆ. ಇದೇನೇ ಎಂದು ಕೇಳಿದಳು. ಮೇಷ್ಟ್ರ ಹಾಗೆ ಬೀಗುತ್ತ ಪಾಠ ಮಾಡಿದೆ: ಕೆಂಪು, ಹಳದಿ, ನೀಲಿ ಮೂಲ, ಮಿಕ್ಕವು ಅವುಗಳ ಮಕ್ಕಳು. ಅಕ್ಕಪಕ್ಕದವು ಹೊಂದಿಕೊಂಡು ಹೋಗುತ್ತವೆ. ಎದುರುಬದುರಿನವನ್ನು ಕಲಸಿದರೆ ಒಂದರ ಕಳೆಯನ್ನು ಇನ್ನೊಂದು ಕೊಲ್ಲುತ್ತದೆ. ಜನ್ಮದಲ್ಲಿ ಬಣ್ಣದ ಗೋಜಿಗೆ ಹೋಗದ ಅಕ್ಕ ಕಣ್ಣರಳಿಸಿ ಕೇಳಿದಳು. ‘ನೇರಳೆಗೆ ಹಳದಿ, ಅದು ಗೊತ್ತು. ಹಸಿರಿಗೆ ಯಾವುದೇ?’ ಎಂದಳು. ಕೆಂಪು ಎಂದೆ. ನನ್ನ ಓದಿನ ಬಗ್ಗೆ ಮನೆಯವರೊಬ್ಬರು ಮೊದಲ ಸಲ ಕೇಳಿದ್ದರು, ಹಿಗ್ಗಿಹೋದೆ.

ಮರುದಿನ ಬೆಳಿಗ್ಗೆ ಅಕ್ಕ ಬಚ್ಚಲಿನ ಕನ್ನಡಿ ಮುಂದೆ ನಿಂತಿದ್ದಳು, ಮುಖ ತೊಳೆದಿದ್ದಳು. ಕಣ್ಣಿನ ಕೆಳಗೆ ನೇರಳೆ, ಅದರಾಚೆ ಕೊಳೆತ ಸೊಪ್ಪಿನ ಹಸಿರು, ದವಡೆಯ ಅಂಚಿನಲ್ಲಿ ಕೀವಿನ ಹಳದಿ. ಆ ಹಸಿರಿನ ಮೇಲೆ ನನ್ನ ಲಿಪ್‌ಸ್ಟಿಕ್ ಉಜ್ಜುತ್ತಿದ್ದಳು. ನನಗೆ ಜಿಗುಪ್ಸೆ ಬಂತು. ಭಾವನ ಮೇಲೆ ಬಂದದ್ದು ಸರಿಯೇ, ನನ್ನ ಪಾಠದ ಮೇಲೂ ಬಂತು. ‘ಅಮ್ಮ ಹಳದಿ ಮಾತ್ರ ಹೇಳ್ಕೊಟ್ಟಿದ್ಲು. ಏಟು ಹಳೇದಾದ್ರೆ ಅದು ಕೆಲ್ಸ ಮಾಡಲ್ಲ ಕಣೇ’ ಎಂದಳು, ಅಡುಗೆಗೆ ಉಪ್ಪು ಸಾಲದು ಎನ್ನುವ ಹಾಗೆ.

ಮದುವೆಯಾಗಿ ಹೊರಟಾಗ ಅವಳ ಪೆಟ್ಟಿಗೆಯಲ್ಲಿ ಬಟ್ಟೆಗಳ ಕೆಳಗೆ ಆ ಹಳದಿ ಪೌಡರಿನ ಡಬ್ಬಿ ಇಟ್ಟವಳು ನೀನಂತೆ. ಥೂ! ಅಪ್ಪ ತೀರಿಕೊಂಡ ಮೇಲೆ ನಿನ್ನ ಕನ್ನಡಿ ಮುಂದಿದ್ದ ಹಳದಿ ಡಬ್ಬಿ ಯಾಕೆ ಮಾಯವಾಯಿತು ಎಂದು ಈಗ ಹೊಳೆಯಿತು. ಅಯ್ಯೋ ಪಾಪ ಅನಿಸುತ್ತದೆ, ಮರುಕ್ಷಣವೇ ಹೇಸಿಗೆಯಾಗುತ್ತದೆ. ಅಷ್ಟು ಏಟು ತಿಂದವಳು, ಮಗಳಿಗೆ ಓಡಿ ಬಾ ಎನ್ನುವ ಬದಲು ಬಳಿದುಕೋ ಎಂದೆಯಲ್ಲ!

ಅಕ್ಕ ವಾಪಸ್ ಹೋಗುವುದಿಲ್ಲ. ವಾರ್ಡನ್ ಹತ್ತಿರ ಮಾತಾಡಿದ್ದೇನೆ. ನಾಳೆ ಡಾಕ್ಟರಿಗೆ ತೋರಿಸಿ, ಅಲ್ಲಿಂದ ನೇರ ಪೊಲೀಸ್ ಸ್ಟೇಷನ್ನಿಗೆ ಹೋಗುತ್ತೇವೆ, ಮುಖಕ್ಕೆ ಏನೂ ಹಚ್ಚದೆ. ಭಾವ ನಿನ್ನ ಬಾಗಿಲಿಗೆ ಬಂದರೆ, ಅಳಿಯ ದೇವರು ಬಂದರೆಂದು ಕುರ್ಚಿ ಹಾಕಬೇಡ.

ಇತಿ,
ನಿನ್ನ ಕಿರಿಮಗಳು

ತಾ.ಕ.: ನಾನು ಕಾಲೇಜಿಗೆ ಹೊರಟಾಗ ನನ್ನ ಪೆಟ್ಟಿಗೆಯಲ್ಲೂ ನೀನು ಅಂಥದ್ದೇ ಡಬ್ಬಿ ಇಟ್ಟಿದ್ದೆ, ನೆನಪಿದೆಯಾ? ಚಿತ್ರ ಬರೆಯುವ ಮಗಳಿಗೆ ಅಮ್ಮ ಕೊಟ್ಟ ಬಣ್ಣ ಅಂದುಕೊಂಡೆ. ಅದಕ್ಕೆ ಅಂಟು ಕಲಸಿ ಒಂದು ಬುಟ್ಟಿ ನಿಂಬೆಹಣ್ಣು ಬರೆದು ನಿನಗೇ ಕಳಿಸಿದ್ದೆ. ಬಣ್ಣ ತುಂಬ ಚೆನ್ನಾಗಿ ಬಂದಿದೆ ಎಂದು ನೀನು ಉತ್ತರ ಬರೆದಿದ್ದೆ.