ಮುಚ್ಚಳದ ತೂತಿಗೆ ಹಚ್ಚಿದ ಸೋಪು

ರನ್‌ವೇಯೂರು
ಫೆಬ್ರವರಿ ನಲವತ್ತು, ೨೪೧೮

ಬೈಕಿನ ಯಜಮಾನರಿಗೆ ನಮಸ್ಕಾರ.

ತಾರೀಖು ತಪ್ಪಿಲ್ಲ, ನಮ್ಮ ಬೇಸಿಗೆ ಬೆಳೆದಂತೆ ಫೆಬ್ರವರಿಯೂ ಬೆಳೆದಿದೆ. ನಿಮ್ಮ ಕಾಲದ ಕನ್ನಡವನ್ನು ಪುಸ್ತಕಗಳಿಂದ ಕಲಿತವಳು ನಾನು. ಮಾತು ಎಲ್ಲಾದರೂ ತೊಡರಿದರೆ ಕ್ಷಮಿಸಿ. ನಿಮ್ಮ ಹೆಸರು ನನಗೆ ಗೊತ್ತಿಲ್ಲ, ನಿಮ್ಮ ಬೈಕು ಗೊತ್ತು. ಟ್ಯಾಂಕಿನ ಮೇಲೆ ನೀವು ಹಳದಿ ಬಣ್ಣದಲ್ಲಿ ಬರೆಸಿದ ‘ಅಮ್ಮನ ಆಶೀರ್ವಾದ’ ಇನ್ನೂ ಅಳಿಸಿಲ್ಲ. ಅದನ್ನು ಜನರೆದುರು ಓದುವುದೇ ನನ್ನ ಕೆಲಸ; ಹಳೆಯ ಸಾಹಿತ್ಯ ಓದಿದವರಿಗೆ ಇಲ್ಲಿ ಬೇರೆ ಕೆಲಸವಿಲ್ಲ. ನನ್ನ ದನಿ ಮುಂದಿನ ಸಾಲಿನವರಿಗೂ ಕೇಳುವುದಿಲ್ಲ ಎಂದು ನಗುತ್ತಾರೆ.

ನಿಮ್ಮ ಬೈಕು ಇಲ್ಲಿ ತೀರ್ಪು ಕೊಡುತ್ತದೆ. ಬರಹ ನೋಡಿ ಅದನ್ನು ಅಮ್ಮ ಎಂದೇ ಕರೆಯುತ್ತೇವೆ. ಆರೋಪ ಹೊತ್ತವರು ಅದನ್ನೇರಿ ಹಳೆಯ ರನ್‌ವೇಯಲ್ಲಿ ಮೂರು ಸುತ್ತು ಹಾಕಬೇಕು. ಮುಗಿಸಿದರೆ ನಿರಪರಾಧಿ. ನಡುವೆ ಎಂಜಿನ್ ನಿಂತರೆ ಅಮ್ಮ ಕೈಬಿಟ್ಟಳೆಂದು ಅರ್ಥ. ಅವರನ್ನು ಅಲ್ಲೇ ಡಾಂಬರಿನ ಮೇಲೆ ಬಿಸಿಲಿಗೆ ಕಟ್ಟುತ್ತಾರೆ. ನೆರಳಿನಲ್ಲಿ ಕೂತು ನೋಡುವವರಿಗೆ ಪಾನಕ ಹಂಚುತ್ತಾರೆ. ಚಿಕ್ಕ ಮಕ್ಕಳನ್ನು ಚೆನ್ನಾಗಿ ಕಾಣಲೆಂದು ಮುಂದೆ ಕೂರಿಸುತ್ತಾರೆ. ಮೂರನೆಯ ಸುತ್ತು ಮುಗಿಸಿದವರನ್ನು ಯಾರೂ ಕಂಡಿರಲಿಲ್ಲ.

ಬೈಕು ನೋಡಿಕೊಳ್ಳುವ ಪೂಜಾರಿಗೆ ಟ್ಯಾಂಕಯ್ಯ ಎನ್ನುತ್ತೇವೆ. ಅವನು ಸೋಮಾರಿಯಲ್ಲ. ಕಾರ್ಬ್ಯುರೇಟರ್ ಬಿಚ್ಚಿ ಜೆಟ್ಟಿಗೆ ಗಾಳಿ ಊದುತ್ತಾನೆ, ಪೈಪು ಬದಲಿಸುತ್ತಾನೆ, ಪ್ಲಗ್ಗಿನ ಕಿಡಿ ನೋಡುತ್ತಾನೆ. ಆಮೇಲೆ ಕಬ್ಬಿನಿಂದ ಭಟ್ಟಿ ಇಳಿಸಿದ ಕಬ್ಬೆಣ್ಣೆಯನ್ನು ಟ್ಯಾಂಕಿಗೆ ಕಂಠಮಟ್ಟ ತುಂಬಿ, ಮುಚ್ಚಳ ಹಾಕಿ, ಮುಚ್ಚಳದ ಸಣ್ಣ ತೂತಿಗೆ ಭಕ್ತಿಯಿಂದ ಸೋಪು ತಿಕ್ಕುತ್ತಾನೆ. ಏಕೆಂದು ಒಮ್ಮೆ ಕೇಳಿದ್ದೆ. “ಅಮ್ಮ ಸಿಕ್ಕಾಗ್ಲೇ ಸೋಪು ಹಚ್ಚಿತ್ತಂತವ್ವಾ. ಹಿಂದಿನವ್ರು ಸುಮ್ಮಸುಮ್ಮಕ ಹಚ್ಚಿರ್ತಾರೇನು?” ಎಂದ.

ಹಚ್ಚಿದವರು ನೀವು. ಪೆಟ್ರೋಲು ತುಳುಕಿ ಪ್ಯಾಂಟಿಗೆ ಬೀಳುತ್ತಿತ್ತೇನೋ.

ಆ ತೂತು ಗಾಳಿಗಾಗಿ ಇರುವುದು. ಎಣ್ಣೆ ಕೆಳಗಿಳಿದಷ್ಟೂ ಗಾಳಿ ಒಳಗೆ ಬರಬೇಕು. ಬಾರದಿದ್ದರೆ ಎಣ್ಣೆ ಟ್ಯಾಂಕಿನಲ್ಲೇ ನಿಂತುಬಿಡುತ್ತದೆ, ಕಾರ್ಬ್ಯುರೇಟರ್ ಒಣಗುತ್ತದೆ, ಎಂಜಿನ್ ಕೆಮ್ಮಿ ಸಾಯುತ್ತದೆ. ಇದನ್ನು ನನಗೆ ಯಾರೂ ಕಲಿಸಲಿಲ್ಲ. ಮಾತಾಡದವರಿಗೆ ನೋಡಲು ಬೇಕಾದಷ್ಟು ಹೊತ್ತಿರುತ್ತದೆ. ತಪ್ಪಿತಸ್ಥರನ್ನು ಕಟ್ಟಿದ ಮೇಲೆ ಟ್ಯಾಂಕಯ್ಯ ಮುಚ್ಚಳ ತೆಗೆದಾಗಲೆಲ್ಲ ಟ್ಯಾಂಕು ‘ಸುಸ್’ ಎಂದು ಉಸಿರೆಳೆದುಕೊಳ್ಳುತ್ತದೆ. ಮರುಕ್ಷಣ ಒಂದೇ ಕಿಕ್ಕಿಗೆ ಎಂಜಿನ್ ಶುರು. “ಪಾಪಿ ಇಳೀತು, ಅಮ್ಮ ಎದ್ಲು!” ಎಂದು ಜನ ಚಪ್ಪಾಳೆ ತಟ್ಟುತ್ತಾರೆ.

ಇಂದು ಬೆಳಿಗ್ಗೆ ನನ್ನ ಅಕ್ಕ ಕಸ್ತೂರಿಯ ಸರದಿ. ಕುಡಿಯುವ ನೀರಿನಲ್ಲಿ ತಲೆಗೂದಲು ತೊಳೆದಳೆಂದು ಆರೋಪ. ಎಂಜಿನ್ ಕೆಮ್ಮಿದೊಡನೆ ಮುಚ್ಚಳ ಸಡಿಲಿಸು ಎಂದು ಅವಳ ಕಿವಿಯಲ್ಲಿ ಹೇಳಿದೆ. ಎರಡನೆಯ ಸುತ್ತಿನಲ್ಲಿ ಕೆಮ್ಮಿತು. ಅಕ್ಕ ಒಂದು ಕೈ ಬಿಟ್ಟು ಮುಚ್ಚಳ ತಿರುಗಿಸಿದಳು. ಬೈಕು ಉಸಿರೆಳೆದುಕೊಂಡು ಓಡಿತು. ಮೂರನೆಯ ಸುತ್ತೂ ಮುಗಿಯಿತು. “ಯವ್ವಾ ತಂಗೀ, ಬದುಕಿದ್ನಲ್ಲೇ!” ಎಂದು ನಗುತ್ತಾ ಇಳಿದಳು.

ಜನ ಚಪ್ಪಾಳೆ ತಟ್ಟಲಿಲ್ಲ. ಅವರ ಕೈಯಲ್ಲಿ ಪಾನಕದ ಲೋಟಗಳಿದ್ದವು. ಯಾರೂ ಬಿಡುಗಡೆ ನೋಡಲು ಬಂದವರಲ್ಲ. ಅಷ್ಟರಲ್ಲಿ ಟ್ಯಾಂಕಯ್ಯ, “ಅಮ್ಮನ ಬಾಯಾಗ ಕೈ ಹಾಕ್ಯಾಳ್ರೋ!” ಎಂದು ಕೂಗಿದ. ಎಲ್ಲರಿಗೂ ಜೀವ ಬಂದಂತಾಯಿತು. ಈಗ ಅಕ್ಕ ಡಾಂಬರಿನ ಮೇಲಿದ್ದಾಳೆ. ಹೇಳಿಕೊಟ್ಟವರು ಯಾರೆಂದು ಕೇಳಿದಾಗ ಅವಳು ಒಂದೊಂದೇ ಮುಖ ನೋಡಿದಳು, ನನ್ನದೊಂದನ್ನು ಬಿಟ್ಟು. ನನಗೆ ಬರಹ ಓದಲು ಹೇಳಿದರು. ‘ಅಮ್ಮನ ಆಶೀರ್ವಾದ’ ಎಂದು ಓದಿದೆ. ಈ ಸಲ ಎಲ್ಲರಿಗೂ ಕೇಳಿತು.

ಯಜಮಾನರೇ, ನಿಮ್ಮ ಬೈಕು ಇಂದು ದಾರಿಯಲ್ಲಿ ನಿಂತರೆ ಸೋಪು ಕೆರೆದು ಆ ತೂತಿಗೊಂದು ಸೂಜಿ ಹಾಕಿ. ಟ್ಯಾಂಕಿನ ಮೇಲೆ, ‘ಅಮ್ಮನ ಆಶೀರ್ವಾದ’ದ ಕೆಳಗೆ, ‘ತೂತು ಮುಚ್ಚಬೇಡಿ’ ಎಂದು ಬರೆಸಿ. ನೀವು ಬರೆಸಿದ್ದನ್ನು ಮೀರುವ ಧೈರ್ಯ ಇಲ್ಲಿ ಯಾರಿಗೂ ಇಲ್ಲ. ಬಣ್ಣ ಬರೆಯುವವನು ನಾಳೆ ಬಾ ಎಂದರೆ ಒಪ್ಪಬೇಡಿ. ಅಕ್ಕ ಆಗಿನಿಂದ ನೀರು ಕೇಳುತ್ತಿದ್ದಳು. ಈಗ ಕೇಳುತ್ತಿಲ್ಲ.