ಎರಡು ಸೈಕಲ್ಲಿಗೆ ಒಂದೇ ಬೀಗ

ಅಕ್ಕಾ,

ಈ ಪುಟ್ಟ ಕಾರ್ಡಲ್ಲೇ ಎಲ್ಲ ತುರುಕಿ ಬರೀತಿದ್ದೀನಿ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಈ ಊರಲ್ಲಿ ಬಡಾವಣೆಯ ಹಾಡಿನ ಕೂಟಕ್ಕೆ ಎಲ್ಲರೂ ಕಾರಲ್ಲೇ ಬರ್ತಾರೆ. ಸೈಕಲ್ ತುಳಿಯುವವಳು ನಾನೊಬ್ಬಳೇ ಅಂದುಕೊಂಡಿದ್ದೆ. ನಿನ್ನೆ ಕೂಟ ಮುಗಿಸಿ ಹೊರಗೆ ಬಂದರೆ, ಯಾರೋ ತಮ್ಮ ಸೈಕಲ್ಲನ್ನು ನನ್ನದರ ಜೊತೆ ಸೇರಿಸಿ ಸರಪಳಿ ಬಿಗಿದು ಬೀಗ ಜಡಿದಿದ್ದಾರೆ! ಕಾರುಗಳೆಲ್ಲ ಹೊರಟುಹೋದವು. ಕತ್ತಲಾಗುತ್ತಿತ್ತು. ಬೆನ್ನ ಹಿಂದೆ ಹೆಜ್ಜೆ ಸಪ್ಪಳ ಕೇಳಿ ಜೀವ ಬಾಯಿಗೆ ಬಂತು. ತಿರುಗಿ ನೋಡಿದರೆ ಕೂಟದಲ್ಲಿ ನನ್ನ ಹಿಂದೆ ಕೂರುವ, ಬಟ್ಟೆ ಹೊಲಿಯುವ ಅಜ್ಜಿ. ಕೈಯಲ್ಲಿ ಬೀಗದ ಕೈ.

"ತಪ್ಪು ತಿಳ್ಕೋಬೇಡ ಕಣೇ. ನೀನು ಮೊದಲೇ ಹೊರಟುಬಿಟ್ರೆ ಮನೆ ದಾರೀಲಿರೋ ಆ ಸೇತುವೆ ಕೆಳಗೆ ನಾನೊಬ್ಬಳೇ ಹೋಗಬೇಕಲ್ಲ, ಅದಕ್ಕೇ ಕಟ್ಟಿಹಾಕಿದೆ. ನೀನು ಮುಂದೆ ಹೋಗು, ಬೆಲ್ ಹೊಡೀತಾನೇ ಇರು. ನಿಲ್ಲಿಸಿದ್ರೆ ನನ್ನ ಎದೆ ಒಡೆದೇ ಹೋಗುತ್ತೆ."

ಸೇತುವೆ ಕೆಳಗೆ ಗವ್ವೆನ್ನುವ ಕತ್ತಲು. ನನ್ನ ಸೈಕಲ್ಲಿಗೆ ಬೆಲ್ಲೇ ಇಲ್ಲ ಅಂತ ಹೇಳೋಕೆ ಧೈರ್ಯ ಬರಲಿಲ್ಲ. ಕೂಟದಲ್ಲಿ ತುಟಿ ಬಿಚ್ಚದ ನಾನು, ಆಚೆ ಕಡೆ ಬೆಳಕು ಕಾಣುವವರೆಗೂ ಬಾಯಲ್ಲೇ ಟ್ರಿಣ್ ಟ್ರಿಣ್ ಅಂತ ಕೂಗುತ್ತಾ ತುಳಿದೆ.

ಕಾರ್ಡಲ್ಲಿ ಜಾಗ ಮುಗೀತು. ಆರೋಗ್ಯಕ್ಕೇನೂ ಆಗಿಲ್ಲ, ಗಂಟಲು ಮಾತ್ರ ಕಟ್ಟಿದೆ.

ನಿನ್ನ ಪುಕ್ಕಲು ತಂಗಿ