ಹಿತ್ತಲ ಬಾಗಿಲು ತೆರೆಯಬೇಡಿ

ವೈನಿ,

ಅಣ್ಣನ ಎದುರಿಗೆ ಹೇಳಲಾರದೆ ಈ ಚೀಟಿಯನ್ನು ಹಿಟ್ಟಿನ ಡಬ್ಬಿಯಲ್ಲಿ ಇಟ್ಟಿದ್ದೇನೆ. ಹಾಲು ಕಾಯಿಸಿದ್ದೇನೆ. ಹಿತ್ತಲ ಬಾಗಿಲಿಗೆ ಚಿಲಕ ಹಾಕಿದ್ದೇನೆ, ತೆರೆಯಬೇಡಿ. ಅಣ್ಣ ಮತ್ತೆ ಅಲ್ಲಿ ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸಿದ್ದಾನೆ. ಅವನ ಅಂಗಿಯನ್ನು ಕೂಸಿನ ಬಟ್ಟೆಯ ಜೊತೆ ಒಗೆಯಬೇಡಿ.

ಎರಡು ಕುರಿ ಸತ್ತಾಗ ಬೀರಪ್ಪನ ಹರಕೆ ತಪ್ಪಿತೆಂದು ನೀವೆಲ್ಲ ಅಂದಿರಿ. ಎರಡೂ ಹಿತ್ತಲ ಸೀಸದ ಮಣ್ಣು ನೆಕ್ಕಿದ್ದನ್ನು ನಾನು ನೋಡಿದ್ದೆ. ಆಗಲೇ ಹೇಳಬೇಕಿತ್ತು.

ನಿನ್ನೆ ರಬಕವಿಯ ಬ್ಯಾಟರಿ ಅಂಗಡಿಗೆ ಹೋಗಿದ್ದೆ. ಹಳೆಯ ಬ್ಯಾಟರಿಯನ್ನು ಅಂಗಡಿಯವರು ಮರಳಿ ಪಡೆದು ಕಂಪನಿಗೆ ಕಳಿಸಬೇಕು, ಇದು ಕಾನೂನು ಎಂದು ಅವರ ಗೋಡೆಯ ಮೇಲೆಯೇ ಬರೆದಿದೆ.

"ಮತ್ತ ನಮ್ಮ ಮನಿಗೆ ಯಾಕ ಬರ್ತಾವ್ರೀ?" ಅಂದೆ.

"ಕಾನೂನು ಖರೆ ಐತಿ ತಂಗಿ, ಕಂಪನಿ ಗಾಡಿ ಬರಬೇಕಲ್ಲ? ನಿಮ್ಮಣ್ಣ ಬಂದು ಕೇಳ್ತಾನ, ಕೊಡತೇನಿ" ಎಂದು ಅಂಗಡಿಯವರು ನಕ್ಕರು.

ಅಣ್ಣನಿಗೆ ಹೇಳಿದರೆ, "ಸಾಲಿ ಬಿಟ್ಟಾಕಿ ನನಗ ಕಾನೂನು ಕಲಸ್ತಿಯೇನ?" ಅಂದ. ಇನ್ನು ಯಾರಿಗೆ ಹೇಳಬೇಕೋ ತಿಳಿಯುತ್ತಿಲ್ಲ.

ನಾನು ಮಗ್ಗದ ನೂಲಿನ ಕಂಡಿಕೆ ಸುತ್ತುವ ಕೆಲಸ ಮುಗಿಸಿ ಬರುವುದು ಸಂಜೆಗೆ. ಅಲ್ಲಿಯವರೆಗೆ ಮಾಳುವನ್ನು ಕೆಳಗೆ ಬಿಡಬೇಡಿ. ಅಂಬೆಗಾಲಿಡುವ ಕೂಸು, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ. ಬೆಳಿಗ್ಗೆ ಅವನ ಮುಷ್ಟಿ ಬಿಡಿಸಿ ನೋಡಿದೆ, ಒಳಗೆ ಅದೇ ಮಣ್ಣು ಇತ್ತು. ಕೈ, ಬಾಯಿ ತೊಳೆದಿದ್ದೇನೆ. ಹೊಟ್ಟೆಗೆ ಎಷ್ಟು ಹೋಗಿದೆಯೋ ಗೊತ್ತಿಲ್ಲ.

ಅಣ್ಣ ಹೊರಗೆ ಹೋದ ಕೂಡಲೇ ದವಾಖಾನೆಗೆ ಕರೆದುಕೊಂಡು ಹೋಗಿ. ಹರಕೆ ಆಮೇಲೆ ಹೊರೋಣ.

ಸುಂದರವ್ವ